ಔಷಧದೊಡನೆ ತಿಳಿವಳಿಕೆ

ತಮಿಳುನಾಡು ಸರ್ಕಾರವು 2021ರ ಆಗಸ್ಟ್ 5ರಂದು ಕೃಷ್ಣಗಿರಿ ಜಿಲ್ಲೆಯಲ್ಲಿ ಆರಂಭಿಸಿದ ‘ಮಕ್ಕಳೈ ತೇಡಿ ಮರುತ್ತುವಂ’ ಯೋಜನೆಗೆ 2024ರಲ್ಲಿ ವಿಶ್ವಸಂಸ್ಥೆಯ ಪ್ರಶಸ್ತಿ ದೊರೆತುದನ್ನು ವಾಚಕರು ಬಲ್ಲರು. ರಕ್ತದೊತ್ತಡ ಮತ್ತು ಸಿಹಿಮೂತ್ರ ರೋಗಗಳ ಮಾತ್ರೆಯನ್ನು ರೋಗಿಯ ಮನೆಬಾಗಿಲಿಗೆ ಮುಟ್ಟಿಸುವುದು ಅದರ ಉದ್ದೇಶ. ಅದು ಮೊದಲು ಕಾಲಿಟ್ಟ ಜಿಲ್ಲೆಯಲ್ಲಿ ಕನ್ನಡ ಮನೆಮಾತಿನವರೂ ಬಹು ಮಂದಿ ಇದ್ದಾರೆಂಬುದು ನಾವು ವಿಶೇಷವಾಗಿ ನೆನೆಯತಕ್ಕ ಸಂಗತಿ. ಮಾತ್ರೆ ಮನೆಗೆ ಬರುವುದು ಸಂತೋಷವೇ ಸರಿ. ಅದನ್ನು ಯಾವಾಗ ನುಂಗಬೇಕು, ಏಕೆ ಬಿಡಬಾರದು ಎಂಬ ತಿಳಿವಳಿಕೆಯೂ ಅದರೊಡನೆ ಬರುವುದೇ ಎಂಬುದು ನಮ್ಮ ಪ್ರಶ್ನೆ.

ಭಾರತದಲ್ಲಿ 10.1 ಕೋಟಿ ಜನರಿಗೆ ಸಿಹಿಮೂತ್ರ ರೋಗವಿದೆಯೆಂದು 2023ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು ಅಂದಾಜು ಮಾಡಿತು. ಅದನ್ನು ನಡೆಸಿದವರಲ್ಲಿ ಚೆನ್ನೈಯ ಸಂಶೋಧಕರೇ ಮುಂದಾಳುಗಳು. ಇಷ್ಟು ಜನಕ್ಕೆ ಪಾಠ ಹೇಳುವಷ್ಟು ಬಿಡುವು ವೈದ್ಯರಿಗೆ ಎಲ್ಲಿಯದು? ರೋಗಿಯ ಹಾಸಿಗೆಯ ಬಳಿ ಹಗಲಿರುಳು ಇರುವವಳು ದಾದಿ. ಇನ್ಸುಲಿನ್ ಸೂಜಿಯನ್ನು ಒಂದೇ ಜಾಗಕ್ಕೆ ಚುಚ್ಚಬಾರದು. ಸಕ್ಕರೆಯ ಅಂಶ ತೀರ ಇಳಿದರೆ ಬೆವರು, ನಡುಕ ಕಾಣಿಸಿಕೊಳ್ಳುವುದು, ಎಚ್ಚರವಿರುವಾಗಲೇ ಸಕ್ಕರೆ ನೀರು ಕುಡಿಯಬೇಕು. ಅಂಗಾಲನ್ನು ದಿನವೂ ನೋಡಿಕೊಳ್ಳಬೇಕು. ಈ ಮಾತುಗಳು ಅವಳ ಬಾಯಿಂದ ಬಂದರೇ ಮನಸ್ಸಿಗೆ ನಾಟುವುದು. ಮದರಾಸಿನ ಸರ್ಕಾರಿ ಜನರಲ್ ಆಸ್ಪತ್ರೆಯಲ್ಲಿ 1871ರಲ್ಲಿಯೇ ದಾದಿಯರ ಶಿಕ್ಷಣ ಆರಂಭವಾಯಿತು. ಇಂತಹ ಊರಿನಲ್ಲಿಯೂ ರೋಗಿಗೆ ತಿಳಿಯಹೇಳುವುದನ್ನು ಬಿಡುವಾದರೆ ಮಾಡುವ ಕೆಲಸವೆಂದು ಎಣಿಸುವುದು ಸಲ್ಲದು.

ಅಣ್ಣಾ ನಗರದ ನಮ್ಮವರಿಗೆ ಇನ್ನೊಂದು ತೊಡಕುಂಟು. ಇಲ್ಲಿಯೇ ಹುಟ್ಟಿ ಬೆಳೆದವರಿಗೆ ತಮಿಳು ನೀರು ಕುಡಿದಷ್ಟು ಸುಲಭ. ಮಗನ ಮನೆಗೆಂದು ಹಾಸನದಿಂದಲೋ ಶಿವಮೊಗ್ಗದಿಂದಲೋ ಬಂದ ತಾಯಿಯ ಪಾಡು ಬೇರೆ. ‘ಮುಂದಿನ ಮಾತ್ತಿರೈ’ಯನ್ನು ನಿಲ್ಲಿಸಿರಿ ಎಂದು ತಮಿಳು ದಾದಿ ಹೇಳಿದರೆ, ಹಿಂದೆ ತೆಗೆದುಕೊಳ್ಳುತ್ತಿದ್ದ ಮಾತ್ರೆ ಬೇಡವೆಂದು ಅದರರ್ಥ. ಕನ್ನಡದ ಕಿವಿಗಾದರೋ ಅದು ಇನ್ನು ಮುಂದಿನ, ಎಂದರೆ ಹೊಸ ಮಾತ್ರೆ! ಎರಡು ಭಾಷೆಗಳೂ ಅಕ್ಕತಂಗಿಯರೆಂದು ನಾವು ಹೆಮ್ಮೆಪಡುವುದುಂಟು. ಔಷಧದ ವಿಷಯದಲ್ಲಿ ಈ ನಂಟೇ ಕಂಟಕವಾದೀತು. ತೀರ ಅಪರಿಚಿತ ಭಾಷೆಯಾಗಿದ್ದರೆ ಆ ತಾಯಿ ಮತ್ತೊಮ್ಮೆ ಕೇಳುತ್ತಿದ್ದಳು. ಅರ್ಥವಾಯಿತೆಂಬ ಭ್ರಮೆಯಲ್ಲಿ ಕೇಳದೆಯೇ ಹೊರಡುತ್ತಾಳೆ.

ಅರ್ಥವಾಯಿತೇ ಎಂದರೆ ಹೂಂ ಎನ್ನದ ರೋಗಿಯನ್ನು ನಾವು ಕಂಡಿಲ್ಲ. ಆದುದರಿಂದಲೇ, ಹೇಳಿದುದನ್ನು ರೋಗಿಯಿಂದಲೇ ಅವನ ಮಾತಿನಲ್ಲಿ ತಿರುಗಿ ಹೇಳಿಸುವ ಕ್ರಮವನ್ನು ಹಲವು ದೇಶಗಳ ದಾದಿಯರು ಅನುಸರಿಸುತ್ತಾರೆ. ಇದಕ್ಕೆ ಯಂತ್ರ ಬೇಡ, ಹಣವೂ ಹೆಚ್ಚು ಬೇಡ. ಬೇಕಾದುದು ಐದಾರು ನಿಮಿಷ. ಕೈತುಂಬ ಕೆಲಸವಿರುವ ದಾದಿಗೆ ಅದೇ ದುರ್ಲಭವೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಸೂಜಿಮದ್ದು, ಜ್ವರದ ಪಟ್ಟಿಗಳಂತೆ ಇದನ್ನೂ ಅವಳ ಕೆಲಸದ ಪಟ್ಟಿಯಲ್ಲಿ ಸೇರಿಸಿ, ಅದಕ್ಕೆ ತಕ್ಕಷ್ಟು ಜನರನ್ನು ನೇಮಿಸದೆ ಬರಿಯ ಉಪದೇಶ ಮಾಡುವುದು ಅನ್ಯಾಯ.

ಆಸ್ಪತ್ರೆಯವರಿಗೆ ಮಾತ್ರ ಹೊರೆ ಹೊರಿಸಿ ನಾವು ಸುಮ್ಮನಿರಲಾಗದು. ನಮ್ಮ ಸಂಘಗಳು ಉತ್ಸವದ ಆಮಂತ್ರಣಗಳನ್ನು ಅಂದವಾಗಿ ಅಚ್ಚು ಹಾಕಿಸುತ್ತವೆ. ಬೆಳಗ್ಗೆ, ರಾತ್ರಿ, ಊಟಕ್ಕೆ ಮೊದಲು, ಊಟವಾದ ಮೇಲೆ, ಹಳೆಯದು, ಹೊಸದು ಎಂಬಿಷ್ಟನ್ನು ಕನ್ನಡದಲ್ಲಿಯೂ ತಮಿಳಿನಲ್ಲಿಯೂ ಅಚ್ಚಿಸಿದ ಚೀಟಿಯನ್ನು ಅದೇ ಮುದ್ರಣಾಲಯದಲ್ಲಿ ಸಿದ್ಧಪಡಿಸಬಹುದು. ದಾದಿ ಗುರುತು ಹಾಕಿ ಕೊಟ್ಟರೆ ಆ ತಾಯಿ ಮನೆಯಲ್ಲಿ ತಾನೇ ಓದಿಕೊಳ್ಳುವಳು.