ಬೆವರು, ತಲೆನೋವು, ಎದೆಬಡಿತ: ಹೆದರಿಕೆಯೆಂದು ಬಿಡಬೇಡಿ

ತೋಟದಲ್ಲಿ ದುಡಿಯುವವರು ಬೆವರುವುದು ಸಹಜ. ಆದರೆ ನೆರಳಿನಲ್ಲಿ ಸುಮ್ಮನೆ ಕುಳಿತವರಿಗೆ ಇದ್ದಕ್ಕಿದ್ದಂತೆ ತಲೆ ಸಿಡಿದು, ಎದೆ ಡವಡವ ಬಡಿದು, ಮೈಯೆಲ್ಲಾ ಬೆವತು, ಸ್ವಲ್ಪ ಹೊತ್ತಿನಲ್ಲಿ ಎಲ್ಲವೂ ತಾನಾಗಿ ಅಡಗಿದರೆ? ನಮ್ಮ ಹಳ್ಳಿಗಳಲ್ಲಿ ಉತ್ತರ ಸಿದ್ಧವಾಗಿದೆ: ಹೆದರಿಕೆ, ಪಿತ್ತ, ದೃಷ್ಟಿ. ಈ ಉತ್ತರಗಳು ಸಾಲವೆಂಬುದು ನಮ್ಮ ಅಭಿಪ್ರಾಯ.

ನಮ್ಮ ಎರಡು ಮೂತ್ರಪಿಂಡಗಳ ಮೇಲೆ ಟೊಪ್ಪಿಯಂತೆ ಕುಳಿತ ಅಡ್ರಿನಲ್ ಎಂಬ ಎರಡು ಪುಟ್ಟ ಗ್ರಂಥಿಗಳಿವೆ. ಒಂದೊಂದರ ತೂಕ ಸುಮಾರು 5 ಗ್ರಾಂ. ಹಾವು ಕಂಡಾಗ ಓಡಲು ಬಲ ಕೊಡುವ ಅಡ್ರಿನಲಿನ್ ರಸ ಹುಟ್ಟುವುದು ಇಲ್ಲೇ. ಅಪರೂಪಕ್ಕೆ ಗ್ರಂಥಿಯ ತಿರುಳಿನಲ್ಲಿ ಫಿಯೋಕ್ರೊಮೊಸೈಟೋಮಾ ಎಂಬ ಗಡ್ಡೆ ಬೆಳೆದು, ಹಾವಿಲ್ಲದೆಯೇ ಇಂಥ ರಸಗಳನ್ನು ರಕ್ತಕ್ಕೆ ಸುರಿಯುತ್ತದೆ, ರಕ್ತದೊತ್ತಡ ಏರುತ್ತದೆ. ಹೆಚ್ಚಿನ ಗಡ್ಡೆಗಳು ಕ್ಯಾನ್ಸರ್ ಅಲ್ಲ. ಆದರೂ ಪತ್ತೆಯಾಗದೆ ಉಳಿದರೆ ಹೆರಿಗೆಯಲ್ಲಿ ಅಥವಾ ಬೇರೆ ಯಾವುದೋ ಶಸ್ತ್ರಚಿಕಿತ್ಸೆಯಲ್ಲಿ ಪ್ರಾಣಕ್ಕೇ ಅಪಾಯ.

ತಲೆನೋವು ಬಂದವರೆಲ್ಲ ಸ್ಕ್ಯಾನಿಂಗಿಗೆ ಓಡಬೇಕೆಂದು ನಾವು ಹೇಳುತ್ತಿಲ್ಲ. ಅದು ಹಣದ ಪೋಲು. ಮೊದಲು ಬೇಕಾದುದು ರಕ್ತದಲ್ಲಿ ಅಥವಾ 24 ಗಂಟೆ ಸಂಗ್ರಹಿಸಿದ ಮೂತ್ರದಲ್ಲಿ ಮೆಟನೆಫ್ರಿನ್ ಪರೀಕ್ಷೆ. ಅದು ಹೆಚ್ಚಿದ್ದರೆ ಸಿ.ಟಿ. ಸ್ಕ್ಯಾನ್. ಗಡ್ಡೆ ಖಚಿತವಾದರೆ ಒಂದೆರಡು ವಾರ ಆಲ್ಫಾ ಬ್ಲಾಕರ್ ಮಾತ್ರೆ ಕೊಟ್ಟು, ಒತ್ತಡ ಹತೋಟಿಗೆ ತಂದು, ಆಮೇಲೆ ಶಸ್ತ್ರಚಿಕಿತ್ಸೆ. ಬೀಟಾ ಬ್ಲಾಕರ್ ಅನ್ನು ಮೊದಲೇ ಕೊಟ್ಟರೆ ಒತ್ತಡ ಇನ್ನೂ ಏರಬಹುದು. ಆದುದರಿಂದ ಎದೆಬಡಿತಕ್ಕೆಂದು ಅಂಗಡಿಯಿಂದ ಮಾತ್ರೆ ತಂದು ನುಂಗಬಾರದು. ವೈದ್ಯರು ಬರೆದುಕೊಟ್ಟದ್ದನ್ನು ತಾವಾಗಿ ನಿಲ್ಲಿಸಲೂ ಬಾರದು.

1926ರಲ್ಲಿ ಅಮೆರಿಕದ ಡಾ. ಚಾರ್ಲ್ಸ್ ಮೇಯೊ ಇದೇ ಜಾತಿಯ ಗಡ್ಡೆಯೊಂದನ್ನು ತೆಗೆದರು. ರೋಗಿ ಒಬ್ಬ ಧರ್ಮಭಗಿನಿ. ಹೊಟ್ಟೆ ತೆರೆಯುವವರೆಗೆ ಒಳಗೆ ಗಡ್ಡೆಯಿದೆಯೆಂದು ಅವರಿಗೂ ತಿಳಿದಿರಲಿಲ್ಲ. ಆಕೆ ಗುಣಮುಖರಾದರು. ಇಂದು ಮೊದಲೇ ತಿಳಿಯುವ ದಾರಿಯಿರುವಾಗ ನಾವು ಕಣ್ಣು ಮುಚ್ಚಿ ಕುಳಿತುಕೊಳ್ಳುವುದು ಸರಿಯಲ್ಲ.

ಪ್ರಾರ್ಥನೆ ಮಾಡಿಸಲು ಬರುವವರಿಗೂ ನಾವು ಹೇಳುವುದು ಇದನ್ನೇ: ಪ್ರಾರ್ಥಿಸೋಣ, ಬಿ.ಪಿ.ಯನ್ನೂ ಅಳೆಯೋಣ. ಅದೂ ಆ ಕಾಟ ಬಂದಿರುವಾಗಲೇ ಅಳೆಯಬೇಕು. ಅಡಗಿದ ಮೇಲೆ ಕೆಲವರಲ್ಲಿ ಒತ್ತಡ ಸರಿಯಾಗಿಯೇ ಇರುತ್ತದೆ. ದಿನ, ಗಂಟೆ, ಅಂಕಿಗಳನ್ನು ಒಂದು ಪುಸ್ತಕದಲ್ಲಿ ಬರೆದು ವೈದ್ಯರಿಗೆ ತೋರಿಸಿ. ಎಳೆ ವಯಸ್ಸಿನಲ್ಲೇ ಬಿ.ಪಿ. ಬಂದವರೂ, ಮೂರು ಬಗೆಯ ಮಾತ್ರೆಗೂ ಬಿ.ಪಿ. ಬಗ್ಗದವರೂ ಅಡ್ರಿನಲ್ ಗ್ರಂಥಿಯ ಬಗ್ಗೆ ವೈದ್ಯರನ್ನು ಕೇಳಲಿ. ಈ ಗಡ್ಡೆ ಕೆಲವು ಕುಟುಂಬಗಳಲ್ಲಿ ವಂಶಪಾರಂಪರ್ಯವಾಗಿ ಬರುವುದರಿಂದ, ಒಬ್ಬರಿಗೆ ಕಂಡುಬಂದರೆ ಒಡಹುಟ್ಟಿದವರಿಗೂ ಮಕ್ಕಳಿಗೂ ಪರೀಕ್ಷೆ ಬೇಕೇ ಎಂದು ವೈದ್ಯರಲ್ಲಿ ವಿಚಾರಿಸಿರಿ. ಗಡ್ಡೆ ತೆಗೆಸಿಕೊಂಡವರು ವರ್ಷಕ್ಕೊಮ್ಮೆ ತಪಾಸಣೆಗೆ ಹೋಗುವುದನ್ನು ಮರೆಯಬಾರದು.