ಗಿಟಾರಿನ ಪಿಕಪ್: ಹೆಸರನ್ನು ನಂಬುವುದೋ, ಗುಣವನ್ನು ಅಳೆಯುವುದೋ?

ಮಲಪ್ರಭಾ ನದಿಯ ದಡದ ಮನೋಳಿಯಿಂದ ಸವದತ್ತಿಯ ಎಲ್ಲಮ್ಮನ ಗುಡ್ಡ ಬಹಳ ದೂರವಿಲ್ಲ. ಅಲ್ಲಿ ಜೋಗತಿಯರು ನುಡಿಸುವ ಚೌಡಿಕೆಯನ್ನು ಕೇಳದವರು ಈ ಸೀಮೆಯಲ್ಲಿ ವಿರಳ. ಕೊಳಗದಂತಹ ಮರದ ಒಡಲು, ಅದರ ಒಂದು ಬಾಯಿಗೆ ಬಿಗಿದ ತೊಗಲು, ತೊಗಲಿನ ನಡುವಿನಿಂದ ಹೊರಟ ಒಂದೇ ತಂತಿ. ಇಷ್ಟೇ ಅದರ ರಚನೆ. ಬರಿಯ ತಂತಿಯನ್ನು ಮಿಡಿದರೆ ಅದರ ದನಿ ನಾಲ್ಕು ಮಾರಿನಾಚೆಗೆ ಕೇಳಿಸದು. ತಂತಿಯ ಕಂಪನವನ್ನು ತೊಗಲು ಸ್ವೀಕರಿಸಿ ಗಾಳಿಗೆ ಒಪ್ಪಿಸುವುದರಿಂದಲೇ ನಾದವು ಜನಸಂದಣಿಯನ್ನು ಮುಟ್ಟುತ್ತದೆ.

ವಿದ್ಯುತ್ ಗಿಟಾರಿನಲ್ಲಿ ತಂತಿಯ ಕಂಪನವನ್ನು ಹೀಗೆ ಸ್ವೀಕರಿಸುವ ಅಂಗವೇ ಪಿಕಪ್. ಇಂದು ಜಾತ್ರೆಯ ವಾದ್ಯಮೇಳಗಳಲ್ಲಿಯೂ ಕಾಲೇಜಿನ ಸಮಾರಂಭಗಳಲ್ಲಿಯೂ ಈ ಗಿಟಾರನ್ನು ನುಡಿಸುವ ತರುಣರಿದ್ದಾರೆ. ತಮ್ಮ ಅಗ್ಗದ ವಾದ್ಯದ ನಾದವು ಮನಸ್ಸಿಗೆ ಬಾರದಿದ್ದರೆ ಅವರಿಗೆ ಮೊದಲು ತೋಚುವ ಪರಿಹಾರವೆಂದರೆ, ಇದ್ದ ಪಿಕಪ್ಪನ್ನು ಕಿತ್ತು ಹೆಸರುವಾಸಿಯಾದ ಮತ್ತೊಂದನ್ನು ಕೂಡಿಸುವುದು. ಒಮ್ಮೊಮ್ಮೆ ಅದರ ಬೆಲೆಯು ಗಿಟಾರಿನ ಬೆಲೆಯನ್ನೇ ಮೀರುತ್ತದೆ. ವಿದ್ಯಾರ್ಥಿಯಾದವನು ಇಷ್ಟು ಹಣವನ್ನು ಚೆಲ್ಲುವ ಮೊದಲು ದೋಷವೆಲ್ಲಿದೆಯೆಂಬುದನ್ನು ಅಳೆದು ನೋಡಬೇಕು, ಜಾಹೀರಾತಿನ ವಿಶೇಷಣಗಳಿಗೆ ಮರುಳಾಗಬಾರದು ಎಂಬುದೇ ನನ್ನ ಅಭಿಪ್ರಾಯ.

ಪಿಕಪ್ಪಿನಲ್ಲಿ ಮಾಯೆಯೇನೂ ಇಲ್ಲ. ತಂತಿಯ ಸುರುಳಿಯ ಬಳಿ ಅಯಸ್ಕಾಂತವನ್ನು ಆಡಿಸಿದರೆ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುವುದೆಂದು ಮೈಕೇಲ್ ಫ್ಯಾರಡೆಯು 1831ರಲ್ಲಿ ತೋರಿಸಿದನು. ಪ್ರೌಢಶಾಲೆಯ ಪ್ರಯೋಗಶಾಲೆಯಲ್ಲಿ ಗ್ಯಾಲ್ವನೋಮೀಟರಿನ ಮುಳ್ಳು ಇದಕ್ಕೆ ಸಾಕ್ಷಿ ನುಡಿಯುತ್ತದೆ. ಪಿಕಪ್ಪಿನಲ್ಲಿ ಅಯಸ್ಕಾಂತವೂ ಸುರುಳಿಯೂ ನಿಶ್ಚಲವಾಗಿದ್ದು, ಅವುಗಳ ಮೇಲೆ ಉಕ್ಕಿನ ತಂತಿಯು ಕಂಪಿಸುತ್ತದೆ. ಅದರಿಂದ ಕಾಂತಕ್ಷೇತ್ರವು ಏರಿಳಿದು, ಕೂದಲಿನಷ್ಟು ತೆಳುವಾದ ತಾಮ್ರದ ತಂತಿಯ ಸಾವಿರಾರು ಸುತ್ತುಗಳಲ್ಲಿ ಕ್ಷೀಣವಾದ ವಿದ್ಯುತ್ತು ಹುಟ್ಟುತ್ತದೆ. ಅಮೆರಿಕದ ಜಾರ್ಜ್ ಬೀಚಮ್ 1931ರಲ್ಲಿ ಈ ತತ್ತ್ವವನ್ನು ಗಿಟಾರಿಗೆ ಅಳವಡಿಸಿದನು. ಅದಕ್ಕೆ 1937ರಲ್ಲಿ ಪೇಟೆಂಟ್ ದೊರೆಯಿತು. ಉಕ್ಕಿಗೆ ಸ್ಪಂದಿಸುವ ಈ ಸಾಧನವು ಹಿತ್ತಾಳೆಗೆ ಸ್ಪಂದಿಸದು. ಸಿತಾರ್ ವಾದನಕ್ಕೆ ಹೆಸರಾದ ಧಾರವಾಡದಲ್ಲಿ ಯಾರಾದರೂ ಇದನ್ನು ಸಿತಾರಿಗೆ ಕಟ್ಟಿದರೆ, ಉಕ್ಕಿನ ತಂತಿಗಳು ನುಡಿದಾವು, ಹಿತ್ತಾಳೆಯವು ಬಹುಮಟ್ಟಿಗೆ ಮೂಕವಾಗಿಯೇ ಉಳಿದಾವು.

ಅಂಗಡಿಯಲ್ಲಿ ಪಿಕಪ್ಪಿನ ಶಕ್ತಿಯನ್ನು ಅದರ ರೋಧದಿಂದ, ಎಂದರೆ ಓಂಗಳ ಲೆಕ್ಕದಿಂದ, ಹೇಳುವ ವಾಡಿಕೆಯುಂಟು. ಇದು ನಂಬತಕ್ಕ ಅಳತೆಯಲ್ಲ. ಸುತ್ತುಗಳನ್ನು ಹೆಚ್ಚಿಸದೆ, ತಂತಿಯನ್ನು ಮಾತ್ರ ತೆಳುಮಾಡಿದರೂ ರೋಧವು ಏರುತ್ತದೆ. 20 ಡಿಗ್ರಿ ಸೆಲ್ಸಿಯಸ್ಸಿನಲ್ಲಿ 6,000 ಓಂ ರೋಧವುಳ್ಳ ತಾಮ್ರದ ಸುರುಳಿಯು 40 ಡಿಗ್ರಿಯ ಬೇಸಗೆಯ ಬಿಸಿಲಿನಲ್ಲಿ ಸುಮಾರು 6,470 ಓಂ ತೋರಿಸುತ್ತದೆ. ಬಿಸಿಲೇರಿದೊಡನೆ ಗಿಟಾರು ಬಲಿಷ್ಠವಾಯಿತೆಂದು ಯಾರೂ ಹೇಳಲಾರರಷ್ಟೆ.

ನಾದದ ಬಣ್ಣವನ್ನು ಹೆಚ್ಚಾಗಿ ನಿರ್ಧರಿಸುವುದು ಸುರುಳಿಯ ಪ್ರೇರಕತ್ವವೂ, ಸುರುಳಿ ಮತ್ತು ಕೇಬಲ್ಲಿನ ಧಾರಕತೆಯೂ ಕೂಡಿ ಉಂಟುಮಾಡುವ ಅನುರಣನ. ಒಂಟಿ ಸುರುಳಿಯ ಪಿಕಪ್ಪಿನ ಪ್ರೇರಕತ್ವವು 2.5 ಹೆನ್ರಿ ಎಂದೂ, ಒಟ್ಟು ಧಾರಕತೆಯು 500 ಪಿಕೊಫ್ಯಾರಡ್ ಎಂದೂ ಇಟ್ಟುಕೊಳ್ಳೋಣ. ಆಗ ಅನುರಣನವು ಸೆಕೆಂಡಿಗೆ ಸುಮಾರು 4,500 ಕಂಪನಗಳಲ್ಲಿ ಬರುತ್ತದೆ. ಮೂರು ಮೀಟರ್ ಕೇಬಲ್ಲಿನ ಬದಲು ಎಂಟು ಮೀಟರಿನದನ್ನು ಸಿಕ್ಕಿಸಿದಿರಾದರೆ ಧಾರಕತೆಯು 1,000ಕ್ಕೆ ಏರಿ, ಅನುರಣನವು 3,200ಕ್ಕೆ ಇಳಿಯಬಹುದು, ನಾದವು ಮಂಕಾಗುತ್ತದೆ. ದೋಷವು ಕೇಬಲ್ಲಿನದು, ಶಿಕ್ಷೆಯು ಪಿಕಪ್ಪಿಗೆ! ಹಳೆಯ ತುಕ್ಕು ಹಿಡಿದ ತಂತಿಗಳೂ ಇದೇ ಮಂಕನ್ನು ತರುತ್ತವೆ. ಪಿಕಪ್ಪು ತಂತಿಗಳಿಗೆ ಅತಿ ಸಮೀಪವಾಗಿದ್ದರೆ ಅಯಸ್ಕಾಂತವು ತಂತಿಯನ್ನು ಸೆಳೆದು ಶ್ರುತಿಯನ್ನೇ ಕೆಡಿಸುತ್ತದೆ. ಎರಡು ತಿರುಪುಗಳನ್ನು ತಿರುಗಿಸಿ ಅದನ್ನು ತುಸು ಇಳಿಸಲು ಒಂದು ರೂಪಾಯಿಯೂ ಬೇಡ.

ಹಾಗಾದರೆ ಪಿಕಪ್ಪನ್ನು ಬದಲಿಸಲೇಬಾರದೆ? ಬದಲಿಸಬೇಕಾದ ಸಂದರ್ಭವುಂಟು. ಜಾತ್ರೆಯ ವೇದಿಕೆಯ ಸುತ್ತ ದೀಪಮಾಲೆಗಳ, ಟ್ರಾನ್ಸ್‌ಫಾರ್ಮರುಗಳ ಜಾಲವಿರುತ್ತದೆ. ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಆವರ್ತಗಳದಾದ್ದರಿಂದ ಒಂಟಿ ಸುರುಳಿಯು ಅದನ್ನೂ ಅದರ ಇಮ್ಮಡಿಯನ್ನೂ ಹೀರಿಕೊಂಡು ದುಂಬಿಯಂತೆ ಗುಂಯ್ಗುಡುತ್ತದೆ. ಇದಕ್ಕೆ ಗಿಬ್ಸನ್ ಸಂಸ್ಥೆಯ ಸೆತ್ ಲವರ್ 1955ರಲ್ಲಿ ಜೋಡಿ ಸುರುಳಿಯ ಪಿಕಪ್ಪನ್ನು ರೂಪಿಸಿದನು. ಅದರಲ್ಲಿ ಎರಡು ಸುರುಳಿಗಳ ಜೋಡಣೆಯ ದಿಕ್ಕೂ ಅಯಸ್ಕಾಂತದ ಧ್ರುವಗಳೂ ಪರಸ್ಪರ ವಿರುದ್ಧ. ತಂತಿಯಿಂದ ಹುಟ್ಟಿದ ವಿದ್ಯುತ್ತು ಕೂಡಿಕೊಳ್ಳುತ್ತದೆ, ಹೊರಗಿನಿಂದ ಬಂದ ಗುಂಯ್ಕಾರವು ಒಂದನ್ನೊಂದು ಅಳಿಸುತ್ತದೆ. ಇಂಥದನ್ನು ಆರಿಸುವವನು ಒಂದು ಮಾತನ್ನು ನೆನಪಿಡಬೇಕು: ಒಂಟಿ ಸುರುಳಿಗೆ ಸಾಮಾನ್ಯವಾಗಿ 2,50,000 ಓಂ ನಿಯಂತ್ರಕವನ್ನೂ ಜೋಡಿ ಸುರುಳಿಗೆ 5,00,000 ಓಂ ನಿಯಂತ್ರಕವನ್ನೂ ಬಳಸುತ್ತಾರೆ. ಹಳೆಯ ನಿಯಂತ್ರಕವನ್ನೇ ಉಳಿಸಿದರೆ ಹೊಸ ಪಿಕಪ್ಪು ಮಂಕಾಗಿ ಕೇಳಿಸೀತು.

ಆದರೆ ಎಲ್ಲ ಗುಂಯ್ಕಾರವೂ ಪಿಕಪ್ಪಿನದಲ್ಲ. ಅದು ವೇದಿಕೆಯ ಕೆಟ್ಟ ಭೂಸಂಪರ್ಕದ ಸೂಚನೆಯೂ ಆಗಿರಬಹುದು. ಗಿಟಾರಿನ ತಂತಿಗಳು ವರ್ಧಕದ ಭೂತಂತಿಗೆ ಕೂಡಿರುತ್ತವೆ. ಆ ಭೂತಂತಿಯು ಕಡಿದಿದ್ದು ಎಲ್ಲಿಯಾದರೂ ವಿದ್ಯುತ್ತು ಸೋರಿದರೆ, ಒಂದು ಕೈ ತಂತಿಯ ಮೇಲಿರುವಾಗ ಮೈಕನ್ನು ಮುಟ್ಟುವುದು ಪ್ರಾಣಾಂತಿಕ. ಬ್ರಿಟನ್ನಿನ ಸ್ವಾನ್ಸಿ ನಗರದಲ್ಲಿ 1972ರ ಮೇ 3ರಂದು ಲೆಸ್ಲಿ ಹಾರ್ವಿ ಎಂಬ ಗಿಟಾರ್ ವಾದಕನು ವೇದಿಕೆಯ ಮೇಲೆಯೇ ಹೀಗೆ ಮೃತನಾದನು. ಗುಂಯ್ಕಾರವನ್ನು ಅಡಗಿಸಲೆಂದು ಪ್ಲಗ್ಗಿನ ಮೂರನೆಯ ಕಡ್ಡಿಯನ್ನು ಕಿತ್ತುಹಾಕುವುದು ಮಹಾ ಅವಿವೇಕ. ಪಿಕಪ್ಪಿಗೆ ಕೊಡುವ ಹಣದಲ್ಲಿ ಮೊದಲ ಪಾಲು ಒಳ್ಳೆಯ ಭೂಸಂಪರ್ಕಕ್ಕೂ, ಸೋರಿಕೆಯನ್ನು ತಡೆಯುವ ಸ್ವಿಚ್ಚಿಗೂ ಸಲ್ಲಬೇಕು.

ಸಂಗೀತಕ್ಕೆ ಕಿವಿಯೇ ಪ್ರಮಾಣವಲ್ಲವೆ, ಈ ಲೆಕ್ಕಾಚಾರವೇಕೆ ಎಂದು ಕೆಲವರು ಆಕ್ಷೇಪಿಸಬಹುದು. ಕಿವಿಯೇ ಪ್ರಮಾಣ, ನಿಜ. ಆದರೆ ಬೆಲೆಯ ಚೀಟಿಯನ್ನು ಕಂಡ ಕಣ್ಣು ಕಿವಿಗೆ ಪಾಠ ಹೇಳಿಕೊಡುತ್ತದೆ. ಆದ್ದರಿಂದ ಗೆಳೆಯನೊಬ್ಬನು ಪರದೆಯ ಹಿಂದೆ ಎರಡು ಗಿಟಾರುಗಳನ್ನು ಒಂದೇ ವರ್ಧಕದಲ್ಲಿ, ಒಂದೇ ಕೇಬಲ್ಲಿನಿಂದ ನುಡಿಸಲಿ, ಕೇಳಿದವರು ಗುರುತಿಸಲಿ. ಹತ್ತು ಬಾರಿಯಲ್ಲಿ ಐದಾರು ಬಾರಿ ಮಾತ್ರ ಸರಿಯಾದರೆ ಅದು ನಾಣ್ಯ ಚಿಮ್ಮಿದಂತೆಯೇ ಸರಿ. ಹಣವನ್ನು ಜೇಬಿನಲ್ಲಿಯೇ ಉಳಿಸಿಕೊಳ್ಳಬಹುದು. ಒಂಬತ್ತು ಬಾರಿ ಸರಿಯಾದರೆ ನಿಶ್ಚಿಂತೆಯಿಂದ ಕೊಳ್ಳಬಹುದು. ಆಗ ಆ ಆಯ್ಕೆಯು ಜಾಹೀರಾತಿನದಾಗಿರದೆ ನಿಮ್ಮದೇ ಆಗಿರುತ್ತದೆ.