ಪ್ಲೇಟಿನ ವಜ್ರ ನೋಡಬೇಡಿ, ಮಟ್ಟ ನೋಡಿ

ಪುಣೆಯ ನಮ್ಮ ಕನ್ನಡಿಗರ ಬಳಗದಲ್ಲಿ ಹಳೆಯ ಕಾಲದ ಮಡಚುವ ಕ್ಷೌರದ ಕತ್ತಿಗೆ ಮರಳಿದವರು ಈಗ ನಾಲ್ಕೈದು ಮಂದಿ. ಇಬ್ಬರ ಹತ್ತಿರ ಇರುವುದು ಊರಿಂದ ತಂದ, ಅಜ್ಜನ ಕಾಲದ ಜರ್ಮನ್ ಕತ್ತಿ. ನಾನು ಪಿಂಪ್ರಿಯ ಕಾರ್ಖಾನೆಯೊಂದರ ತಪಾಸಣೆ ವಿಭಾಗದವನಾದ್ದರಿಂದ, ಸಾಣೆಕಲ್ಲನ್ನು ಮಟ್ಟ ಮಾಡಲು ಯಾವ ಡೈಮಂಡ್ ಪ್ಲೇಟ್ ಕೊಳ್ಳಬೇಕೆಂದು ಎಲ್ಲರೂ ನನ್ನನ್ನೇ ಕೇಳುತ್ತಾರೆ. ಮಾತು ಶುರುವಾಗುವುದೇ ಗ್ರಿಟ್ ಎಷ್ಟು ಎಂಬಲ್ಲಿಂದ. ನನ್ನ ಲೆಕ್ಕದಲ್ಲಿ ಅದು ಎರಡನೆಯ ಪ್ರಶ್ನೆ. ಮೊದಲನೆಯದು, ಪ್ಲೇಟ್ ತಾನೇ ಮಟ್ಟವಾಗಿದೆಯೇ?

ಅಡುಗೆಮನೆಯ ಚಾಕುವಿಗೆ ಕಲ್ಲು ಸ್ವಲ್ಪ ತಗ್ಗಾಗಿದ್ದರೂ ನಡೆಯುತ್ತದೆ. ಕ್ಷೌರದ ಕತ್ತಿಗೆ ನಡೆಯುವುದಿಲ್ಲ. ಅದರ ಬೆನ್ನು, ಬಾಯಿ ಎರಡನ್ನೂ ಕಲ್ಲಿಗೆ ತಾಗಿಸಿಯೇ ಮಸೆಯಬೇಕು, ಕೋನ ನಿಲ್ಲುವುದೇ ಆ ಬೆನ್ನಿನ ಆಧಾರದಿಂದ. ನಡು ಸವೆದ ಕಲ್ಲಿನ ಮೇಲೆ ಅಲಗಿನ ತುದಿಗಳು ತಾಗುತ್ತವೆ, ನಡುಭಾಗ ತೇಲುತ್ತದೆ. ಅದೂ ತಾಗಲೆಂದು ಒತ್ತಿದರೆ ತುದಿಗಳೂ ಬೆನ್ನೂ ಬೇಡದಷ್ಟು ಸವೆಯುತ್ತವೆ. ಹೋದ ಉಕ್ಕು ಮತ್ತೆ ಬರುವುದಿಲ್ಲ. ಅಜ್ಜನ ಕತ್ತಿಗೆ ಬದಲಿ ಯಾವ ಅಂಗಡಿಯಲ್ಲೂ ಇಲ್ಲ.

ಹಾಗಾಗಿ ಪ್ಲೇಟ್ ಮನೆಗೆ ಬಂದ ದಿನವೇ, ಡಬ್ಬ ಎಸೆಯುವ ಮುಂಚೆ, ಒಳ್ಳೆಯ ಸ್ಟೀಲ್ ಸ್ಕೇಲನ್ನು ಅಂಚಿನ ಮೇಲೆ ನಿಲ್ಲಿಸಿ ಕಿಟಕಿಯ ಬೆಳಕಿಗೆ ಹಿಡಿದು ನೋಡಿ. ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ. ವಜ್ರದ ಕಣಗಳ ಸಂದಿಯಿಂದ ಒಂದೇ ಸಮನಾಗಿ ತೆಳ್ಳಗೆ ಬೆಳಕು ಬಂದರೆ ಚಿಂತೆಯಿಲ್ಲ. ಒಂದೇ ಕಡೆ ಹೆಚ್ಚು ಬಂದು, ಅಲ್ಲಿ 0.05 ಮಿ.ಮೀ. ಫೀಲರ್ ಗೇಜ್ ತೂರಿದರೆ ಯೋಚಿಸದೆ ವಾಪಸ್ ಕಳಿಸಿ. ಫೀಲರ್ ಗೇಜ್ ಬೈಕಿನ ಬಿಡಿಭಾಗದ ಅಂಗಡಿಯಲ್ಲೂ ಸಿಗುತ್ತದೆ. ತಗಡಿನಷ್ಟು ತೆಳುವಾದ ಅಗ್ಗದ ಪ್ಲೇಟುಗಳನ್ನಂತೂ ಇದಕ್ಕೆ ಮುಟ್ಟಲೇಬೇಡಿ, ಕೈ ಒತ್ತಿದ ಕಡೆ ಬಾಗುತ್ತವೆ.

ಇನ್ನು ಗ್ರಿಟ್. 300ರಿಂದ 400ರ ಆಸುಪಾಸಿನದು ಒಂದಿದ್ದರೆ ಸಾಕು: ಡಿಎಂಟಿಯ 325 ಮೆಶ್, ಅಂದರೆ 45 ಮೈಕ್ರಾನಿನದು, ಅಥವಾ ಜಪಾನಿನ ಅಟೋಮಾ 400. ನನ್ನ ಒಲವು ಅಟೋಮಾ ಕಡೆಗೆ. ಅದರಲ್ಲಿ ವಜ್ರ ಚುಕ್ಕಿಚುಕ್ಕಿಯಾಗಿ ಕೂತಿರುವುದರಿಂದ ನಡುವೆ ನೀರು, ಕೆಸರು ಹರಿದುಹೋಗುತ್ತವೆ, ಕಲ್ಲಿಗೆ ಪ್ಲೇಟ್ ಅಂಟಿಕೊಳ್ಳುವುದು ಕಡಿಮೆ. ಸವೆದರೆ ಮೇಲಿನ ಹಾಳೆಯನ್ನಷ್ಟೇ ಬದಲಾಯಿಸಬಹುದು. 140 ತೀರಾ ಗುಂಡಿಬಿದ್ದ ಒರಟು ಕಲ್ಲಿಗೆ ಸರಿ, 8000ದ ನುಣುಪು ಕಲ್ಲಿನ ಮೇಲೆ ಆಳವಾದ ಗೀರು ಬಿಡುತ್ತದೆ. 1200 ನಿಧಾನ. ಪ್ಲೇಟ್ ಕನಿಷ್ಠ ಕಲ್ಲಿನಷ್ಟಾದರೂ ದೊಡ್ಡದಿರಲಿ.

ಹೊಸ ಪ್ಲೇಟನ್ನು ನೇರವಾಗಿ ನುಣುಪು ಕಲ್ಲಿಗೆ ಹಚ್ಚಬೇಡಿ. ಸಡಿಲವಾಗಿ ಕೂತ ಕಣಗಳು ಉದುರಿ ಕಲ್ಲಿನಲ್ಲಿ ಸಿಕ್ಕಿಕೊಂಡರೆ ಕತ್ತಿಯ ಬಾಯಿಗೇ ಪೆಟ್ಟು. ಮೊದಲು 1000ದ ಕಲ್ಲಿನ ಮೇಲೆ ಆಡಿಸಿ. ವಜ್ರವನ್ನು ಹಿಡಿದಿರುವುದು ನಿಕ್ಕಲ್ ಲೇಪ, ಕಲ್ಲಿನ ಒರಟು ಪುಡಿ ಆ ಲೇಪವನ್ನು ಕೊರೆಯುತ್ತದೆ. ನಲ್ಲಿಯ ಕೆಳಗೆ ತೊಳೆಯುತ್ತ ಹಗುರ ಕೈಯಲ್ಲಿ ಉಜ್ಜಿ. ಅರ್ಕಾನ್ಸಾಸ್‌ನಂಥ ಗಟ್ಟಿ ನೈಸರ್ಗಿಕ ಕಲ್ಲಿಗೆ ಈ ಪ್ಲೇಟ್ ಬಳಸಿದರೆ ಪ್ಲೇಟೇ ಬೇಗ ಬೋಳಾಗುತ್ತದೆ.

ಒಂದೇ ಕಲ್ಲು ಇಟ್ಟುಕೊಂಡವರಿಗೆ ಪ್ಲೇಟ್ ಬೇಕೇ ಬೇಕೆಂದೇನೂ ಇಲ್ಲ. ದಪ್ಪ ಗಾಜಿನ ಮೇಲೆ ನೀರು ಚಿಮುಕಿಸಿ 400ರ ವಾಟರ್ ಪೇಪರ್ ಹಾಸಿ, ಕಲ್ಲಿನ ಮೇಲೆ ಪೆನ್ಸಿಲಿನಿಂದ ಚೌಕಳಿ ಗೆರೆ ಎಳೆದು, ಅಷ್ಟೂ ಅಳಿಯುವವರೆಗೆ ಉಜ್ಜಿದರಾಯಿತು. ತಿಂಗಳಿಗೆ ಐದು ನಿಮಿಷದ ಕೆಲಸಕ್ಕೆ ಸಾವಿರಗಟ್ಟಲೆ ಹಣ ಪ್ರತಿಯೊಬ್ಬರೂ ಏಕೆ ಸುರಿಯಬೇಕು? ನಾಲ್ವರು ಸೇರಿ ಒಂದೇ ಒಳ್ಳೆಯ ಪ್ಲೇಟ್ ಕೊಂಡು ಸರದಿಯಲ್ಲಿ ಬಳಸಿ ಎನ್ನುವುದು ನಮ್ಮ ಬಳಗಕ್ಕೆ ನಾನು ಹೇಳಿದ ಮಾತು. ಮುಂಬೈ, ಹೈದರಾಬಾದಿನವರಿಗೂ ಅದನ್ನೇ ಹೇಳುತ್ತೇನೆ.

ಸೈಕಲ್ಲಿನ ಮೇಲೆ ಓಣಿಗೆ ಬರುವ ಧಾರ್‌ವಾಲಾನ ಕೈಗೆ ಮಾತ್ರ ಈ ಕತ್ತಿ ಕೊಡಬೇಡಿ. ಅವನ ಚಕ್ರ ಈಳಿಗೆಗೆ, ಕತ್ತರಿಗೆ.